ಒಂದು ತಂತಿಯೋ, ಹಲವು ತಂತಿಗಳೋ? - ಸರಣಿ ಬಸ್ಸಿನ ಪೂರ್ವೇತಿಹಾಸ

ನಾನು ಬ್ಯಾಂಕಿನ ಉದ್ಯೋಗಕ್ಕೆ ಸೇರಿದ ಹೊಸತರಲ್ಲಿ, ಮುಂಬಯಿಯ ಕೋಟೆ ಪ್ರದೇಶದ ಶಾಖೆಯೊಂದರಲ್ಲಿ, ಪಾಸ್‌ಪುಸ್ತಕ ಮುದ್ರಿಸುವ ಯಂತ್ರವನ್ನು ಒಂದು ಕೌಂಟರಿನಿಂದ ಮತ್ತೊಂದಕ್ಕೆ ಸ್ಥಳಾಂತರಿಸಬೇಕಾಗಿ ಬಂದಿತು. ಗಣಕಕ್ಕೂ ಆ ಯಂತ್ರಕ್ಕೂ ನಡುವೆ ಇದ್ದುದು ಇಪ್ಪತ್ತೈದು ಸೂಜಿಗಳ ಮೂತಿಯುಳ್ಳ, ಹೆಬ್ಬೆರಳಿನಷ್ಟು ದಪ್ಪದ ಒಂದು ಕೇಬಲ್ಲು. ಅದು ಎಟುಕದೆ ಹೋದುದರಿಂದ ಯಾರೋ ಪೇಟೆಯಿಂದ ಮಾರುದ್ದದ ಇನ್ನೊಂದು ಕೇಬಲ್ಲನ್ನು ತಂದು ಜೋಡಿಸಿದರು. ಮರುದಿನದಿಂದ ಗ್ರಾಹಕರ ಪಾಸ್‌ಪುಸ್ತಕಗಳಲ್ಲಿ ಅಲ್ಲೊಂದು ಇಲ್ಲೊಂದು ಅಂಕಿ ತಪ್ಪಾಗಿ ಬೀಳತೊಡಗಿತು. ಲೆಕ್ಕದಲ್ಲಿ ಸರಿಯಾಗಿಯೇ ಇದ್ದ ಶಿಲ್ಕು ಪುಸ್ತಕದಲ್ಲಿ ಬೇರೆಯಾಗಿ ಕಾಣುತ್ತಿತ್ತು. ನಿವೃತ್ತಿವೇತನದ ವೃದ್ಧರೊಬ್ಬರು ತಮ್ಮ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, ಒಂದು ಮಾತನ್ನೂ ಆಡದೆ, ಎದುರಿಗೆ ಕುಳಿತುಬಿಟ್ಟರು. ಆ ಮೌನವನ್ನು ನಾನಿನ್ನೂ ಮರೆತಿಲ್ಲ. ಸಂಜೆ ಬಂದ ಮೆಕ್ಯಾನಿಕನು ಕೇಬಲ್ಲನ್ನು ಕೈಯಲ್ಲಿ ತೂಗಿ ನೋಡಿ, "ಇಷ್ಟು ಉದ್ದ ಆಗುವುದಿಲ್ಲ, ಸಾಹೇಬರೇ" ಎಂದಷ್ಟೇ ಹೇಳಿ, ಯಂತ್ರವನ್ನು ಮೊದಲಿನ ಜಾಗಕ್ಕೇ ತಂದಿಟ್ಟು ಹೋದನು.

ಕೆಲವು ವರ್ಷಗಳ ಬಳಿಕ ಅದೇ ಕೆಲಸಕ್ಕೆ ಬೇರೊಂದು ಯಂತ್ರ ಬಂದಿತು. ಅದರ ಕೇಬಲ್ಲು ಸುತಲಿಯಷ್ಟು ಸಣ್ಣದು. ಒಳಗೆ ನಾಲ್ಕೇ ತಂತಿಗಳು. ಅವುಗಳಲ್ಲಿ ಎರಡು ವಿದ್ಯುತ್ತನ್ನು ಒದಗಿಸಲು, ಉಳಿದ ಎರಡು ಮಾತ್ರ ಸಂದೇಶಕ್ಕೆ. ಹಳೆಯದಕ್ಕಿಂತ ಉದ್ದವೂ ಹೆಚ್ಚು, ವೇಗವೂ ಹೆಚ್ಚು, ತಪ್ಪು ಮಾತ್ರ ಇಲ್ಲ. ಎಂಟು ಮಂದಿ ಒಟ್ಟಾಗಿ ಹೊರಲಾರದ ಹೊರೆಯನ್ನು ಒಬ್ಬನೇ ಓಡುತ್ತ ಹೊತ್ತೊಯ್ದಂತಾಯಿತಲ್ಲ, ಇದು ಹೇಗೆ? ಈ ಪ್ರಶ್ನೆಯೇ ಪ್ರಕೃತ ಲೇಖನಕ್ಕೆ ಕಾರಣ.

ಈ ವಿಷಯವನ್ನು ಕುರಿತು ಸಾಮಾನ್ಯವಾಗಿ ದೊರೆಯುವ ಉತ್ತರ ಇಷ್ಟೇ: ಮೊದಲು ಗಣಕಗಳಲ್ಲಿ ಹಲವು ತಂತಿಗಳ ಸಮಾಂತರ ಪದ್ಧತಿಯಿತ್ತು, ೨೦ನೆಯ ಶತಮಾನದ ಕೊನೆಯಲ್ಲಿ ಒಂದರ ಹಿಂದೊಂದು ಸಂಕೇತವನ್ನು ಕಳುಹಿಸುವ ಸರಣಿ ಪದ್ಧತಿ ಹೊಸದಾಗಿ ಬಂದಿತು, ಹಳೆಯದು ಹೋಯಿತು. ಈ ಉತ್ತರವು ಅರ್ಧಸತ್ಯವೆಂದು ನನ್ನ ಅಭಿಪ್ರಾಯ. ಸರಣಿ ಪದ್ಧತಿಯೇ ಹಳೆಯದು. ಅದರ ಮುಖ್ಯ ತೊಡಕುಗಳೂ ಅವಕ್ಕೆ ಪರಿಹಾರಗಳೂ ಬಹುಮಟ್ಟಿಗೆ ೧೯ನೆಯ ಶತಮಾನದ ತಂತಿ ಕಚೇರಿಗಳಲ್ಲಿಯೇ ರೂಪುಗೊಂಡಿದ್ದವು.

ಮೊದಲು ಒಂದು ಶಬ್ದದ ವಿಚಾರ. ಗಣಕದ ಒಳಗೆ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಮಾಹಿತಿಯನ್ನು ಒಯ್ಯುವ ಹಾದಿಗೆ 'ಬಸ್' ಎಂದು ಹೆಸರು. ಇದನ್ನು ಕೇಳಿ ನಗುವ ಕನ್ನಡಿಗನ ಊಹೆ ತಪ್ಪಲ್ಲ. ಅದು ನಮ್ಮ ಬೀದಿಯ ಬಸ್ಸಿನ ಒಡಹುಟ್ಟೇ ಆಗಿದೆ. ಲ್ಯಾಟಿನ್ ಭಾಷೆಯಲ್ಲಿ 'ಓಮ್ನಿಬಸ್' ಎಂದರೆ 'ಎಲ್ಲರಿಗಾಗಿ' ಎಂದರ್ಥ. ವಿದ್ಯುದಾಗಾರಗಳಲ್ಲಿ ಎಲ್ಲ ಶಾಖೆಗಳಿಗೂ ಸಾಮಾನ್ಯವಾಗಿದ್ದ ದಪ್ಪ ತಾಮ್ರದ ಪಟ್ಟಿಗೂ ಇದೇ ಹೆಸರಿತ್ತು. ಅಲ್ಲಿಂದ ಅದು ಗಣಕಕ್ಕೆ ಬಂದಿತು. ಈ ನಿರುಕ್ತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಏಕೆಂದರೆ ಇಂದಿನ ವೇಗದ ಬಸ್ಸು 'ಎಲ್ಲರಿಗಾಗಿ' ಉಳಿದಿಲ್ಲವೆಂಬುದೇ ಈ ಕಥೆಯ ಒಂದು ಮುಖ್ಯ ತಿರುವು.

ವಿದ್ಯುತ್ತಿನಿಂದ ಸಂದೇಶ ಕಳುಹಿಸಬೇಕೆಂದು ಯೋಚಿಸಿದವರಿಗೆ ಮೊದಲು ಹೊಳೆದುದು ಸಮಾಂತರ ಪದ್ಧತಿಯೇ. ೧೭೫೩ರಲ್ಲಿ ಸ್ಕಾಟ್ಲೆಂಡಿನ ಮಾಸಪತ್ರಿಕೆಯೊಂದರಲ್ಲಿ ಪೂರ್ಣ ಹೆಸರನ್ನು ಕಾಣಿಸದ ಲೇಖಕನೊಬ್ಬನು ಅಕ್ಷರಕ್ಕೊಂದು ತಂತಿಯಂತೆ ಎಳೆಯಬಹುದೆಂದು ಸೂಚಿಸಿದನು. ೧೮೦೯ರಲ್ಲಿ ಮ್ಯೂನಿಕ್ಕಿನ ಸೊಮೆರಿಂಗ್ ಎಂಬ ಶರೀರಶಾಸ್ತ್ರಜ್ಞನು ೩೫ ತಂತಿಗಳನ್ನು ನೀರಿನ ತೊಟ್ಟಿಯೊಂದರಲ್ಲಿ ಅದ್ದಿ, ಯಾವ ತಂತಿಯ ತುದಿಯಿಂದ ಗುಳ್ಳೆಗಳು ಏಳುವುವೋ ಆ ಅಕ್ಷರವನ್ನು ಓದುವ ಉಪಕರಣವನ್ನು ಬವೇರಿಯದ ವಿದ್ವತ್ಸಭೆಯ ಮುಂದೆ ತೋರಿಸಿದನು. ೧೮೩೭ರಲ್ಲಿ ಇಂಗ್ಲೆಂಡಿನ ಕುಕ್ ಮತ್ತು ವೀಟ್‌ಸ್ಟನ್ ಎಂಬಿಬ್ಬರು ಐದು ಸೂಜಿಗಳ ತಂತಿಯಂತ್ರಕ್ಕೆ ಸ್ವಾಮ್ಯಪತ್ರ ಪಡೆದರು. ಎರಡು ಸೂಜಿಗಳು ಒಟ್ಟಿಗೆ ವಾಲಿ ಒಂದು ಅಕ್ಷರದತ್ತ ಬೆರಳು ಮಾಡುತ್ತಿದ್ದವು. ಓದುವುದಕ್ಕೆ ತರಬೇತಿಯೇ ಬೇಡ. ಆದರೆ ಆ ಫಲಕದಲ್ಲಿ ೨೦ ಅಕ್ಷರಗಳಿಗೆ ಮಾತ್ರ ಎಡೆಯಿತ್ತು. ಇಂಗ್ಲಿಷಿನ ಆರು ಅಕ್ಷರಗಳು ಹೊರಗುಳಿದವು. ೧೮೩೯ರಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್ನಿನಿಂದ ವೆಸ್ಟ್ ಡ್ರೇಟನ್ನಿನವರೆಗೆ, ರೈಲುದಾರಿಯುದ್ದಕ್ಕೂ, ಈ ತಂತಿಗಳು ಹಬ್ಬಿದವು. ಕೆಲಕಾಲದಲ್ಲಿಯೇ ಅವುಗಳ ಹೊದಿಕೆ ಕೆಟ್ಟಿತು. ಐದು ಸೂಜಿಗಳು ಎರಡಾದವು, ಎರಡು ಒಂದಾಯಿತು. ಅಷ್ಟರಲ್ಲಿ, ೧೮೩೮ರಲ್ಲಿ, ಮರಳುವ ವಿದ್ಯುತ್ತಿಗೆ ಭೂಮಿಯೇ ಸಾಕೆಂದು ಸ್ಟೈನ್‌ಹೈಲನು ತೋರಿಸಿಕೊಟ್ಟಿದ್ದನು. ಇದರಿಂದ ಒಂದೇ ತಂತಿಯಲ್ಲಿ ಕಾಲಕ್ರಮದಿಂದ ಸಂಕೇತಗಳನ್ನು ಕಳುಹಿಸುವ ಮಾರ್ಗ ಸುಗಮವಾಯಿತು. ೧೮೪೪ರಲ್ಲಿ ಮೋರ್ಸನು ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಸಂದೇಶ ಕಳುಹಿಸಿದ ಮೇಲೆ ವಾದ ಮುಗಿಯಿತೆಂದೇ ಹೇಳಬಹುದು. ನಮ್ಮ ದೇಶದಲ್ಲಿಯೂ ಓಶಾಗ್ನೆಸಿಯು ೧೮೫೧ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿನತ್ತ ಎಳೆಸಿದ ತಂತಿ ಸರಣಿ ಪದ್ಧತಿಯದೇ.

ಇಲ್ಲಿ ಸಮಾಂತರ ಪದ್ಧತಿ ಸೋತುದು ಮುಖ್ಯವಾಗಿ ಖರ್ಚಿನಿಂದ. ಮೈಲಿಗೊಂದು ಲೆಕ್ಕದಂತೆ ತಾಮ್ರವನ್ನು ಕೊಳ್ಳುವವನು ತಂತಿಗಳ ಸಂಖ್ಯೆಯನ್ನು ಎಣಿಸದೆ ಇರುವನೆ? ಆದರೆ ಸರಣಿ ಪದ್ಧತಿಯ ನಿಜವಾದ ಪರೀಕ್ಷೆ ನಡೆದುದು ಸಮುದ್ರದಡಿಯಲ್ಲಿ.

೧೮೫೮ರ ಆಗಸ್ಟಿನಲ್ಲಿ ಐರ್ಲೆಂಡಿಗೂ ಅಮೆರಿಕಕ್ಕೂ ನಡುವೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ಕೇಬಲ್ಲು ಕೂಡಿಕೊಂಡಿತು. ರಾಣಿ ವಿಕ್ಟೋರಿಯಳು ಅಮೆರಿಕದ ಅಧ್ಯಕ್ಷರಿಗೆ ಕಳುಹಿಸಿದ ೯೮ ಶಬ್ದಗಳ ಸಂದೇಶವು ಮುಟ್ಟಲು ೧೬ ಗಂಟೆಗಳು ಹಿಡಿದವು. ಈ ಸೋಜಿಗದ ಕಾರಣವನ್ನು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಖ್ಯಾತನಾದವನು, ೧೮೫೫ರಷ್ಟು ಹಿಂದೆಯೇ ಪ್ರಕಟಿಸಿದ್ದನು. ನೀರಿನಲ್ಲಿ ಮುಳುಗಿದ ಕೇಬಲ್ಲು ಬರಿಯ ತಂತಿಯಲ್ಲ. ತಾಮ್ರ, ಅದರ ಹೊದಿಕೆ, ಹೊರಗಿನ ನೀರು ಈ ಮೂರೂ ಸೇರಿ ಅದು ವಿದ್ಯುತ್ತನ್ನು ಕೂಡಿಡುವ ಪಾತ್ರೆಯಾಗುತ್ತದೆ. ಒಂದು ತುದಿಯಲ್ಲಿ ಚುರುಕಾಗಿ ಹೊರಟ ತುಡಿತವು ಇನ್ನೊಂದು ತುದಿಯಲ್ಲಿ ಮೆಲ್ಲನೆ ಉಬ್ಬಿ ಮೆಲ್ಲನೆ ಇಳಿಯುವ ಅಲೆಯಾಗಿ ಬರುತ್ತದೆ. ಮುಂದಿನ ತುಡಿತವು ಹಿಂದಿನದರ ಬಾಲದ ಮೇಲೆ ಬಿದ್ದು ಎರಡೂ ಕಲೆಸಿಹೋಗುತ್ತವೆ. ಉದ್ದವು ಇಮ್ಮಡಿಯಾದರೆ ಈ ವಿಳಂಬವು ನಾಲ್ಮಡಿಯಾಗುವುದೆಂದು ಥಾಮ್ಸನನ ಗಣಿತ.

ಕಂಪನಿಯ ವಿದ್ಯುತ್ ಅಧಿಕಾರಿಯಾಗಿದ್ದ ವೈಟ್‌ಹೌಸನು ಇದನ್ನು ಒಪ್ಪಲಿಲ್ಲ. ಆತನು ವೃತ್ತಿಯಿಂದ ಶಸ್ತ್ರವೈದ್ಯ. ಸಂಕೇತ ಸ್ಪಷ್ಟವಾಗದಿದ್ದರೆ ಒತ್ತಡವನ್ನು ಹೆಚ್ಚಿಸಬೇಕೆಂಬುದು ಅವನ ಚಿಕಿತ್ಸೆ. ಸುಮಾರು ೨,೦೦೦ ವೋಲ್ಟುಗಳ ಒತ್ತಡವನ್ನು ಹಾಕಿದನು. ಮೊದಲೇ ದೋಷಗಳಿದ್ದ ಕೇಬಲ್ಲು ಕೆಲವೇ ವಾರಗಳಲ್ಲಿ ನಿಶ್ಶಬ್ದವಾಯಿತು. ಥಾಮ್ಸನನ ಹಾದಿ ಬೇರೆಯಾಗಿತ್ತು. ಗಟ್ಟಿಯಾಗಿ ಕೂಗುವುದರ ಬದಲು ಸೂಕ್ಷ್ಮವಾಗಿ ಆಲಿಸಬೇಕು, ತಾಮ್ರವನ್ನು ದಪ್ಪಗೊಳಿಸಬೇಕು, ಪ್ರತಿಯೊಂದು ತುಡಿತದ ಹಿಂದೆಯೇ ವಿರುದ್ಧ ದಿಕ್ಕಿನ ಚಿಕ್ಕ ತುಡಿತವನ್ನು ಕಳುಹಿಸಿ ಕೇಬಲ್ಲನ್ನು ಗುಡಿಸಿಡಬೇಕು. ೧೮೫೮ರ ಕೇಬಲ್ಲಿನಲ್ಲಿ ನಾವಿಕ ಮೈಲಿಗೆ ೧೦೭ ಪೌಂಡು ತಾಮ್ರವಿದ್ದರೆ, ೧೮೬೬ರಲ್ಲಿ ಯಶಸ್ವಿಯಾದ ಕೇಬಲ್ಲಿನಲ್ಲಿ ೩೦೦ ಪೌಂಡು ಇದ್ದಿತು. ಒಬ್ಬನ ಹಟಕ್ಕೂ ಇನ್ನೊಬ್ಬನ ಗಣಿತಕ್ಕೂ ಇದ್ದ ಅಂತರವನ್ನು ಈ ಎರಡು ಅಂಕಿಗಳಲ್ಲಿಯೇ ಕಾಣಬಹುದು.

ಭಾರತಕ್ಕೆ ಸಂಬಂಧಪಟ್ಟ ಪ್ರಕರಣವೊಂದನ್ನು ಬ್ಯಾಂಕಿನವನಾದ ನಾನು ಬಿಟ್ಟು ಮುಂದೆ ಹೋಗಲಾರೆ. ೧೮೫೯-೬೦ರಲ್ಲಿ ಸುಯೆಜ್‌ನಿಂದ ಕೆಂಪು ಸಮುದ್ರದ ಮೂಲಕ ಏಡನ್ನಿಗೂ ಅಲ್ಲಿಂದ ಕರಾಚಿಗೂ ಕೇಬಲ್ಲು ಹಾಸಲಾಯಿತು. ಬಂಡವಾಳ ೮ ಲಕ್ಷ ಪೌಂಡು. ಬ್ರಿಟಿಷ್ ಸರಕಾರವು ಈ ಬಂಡವಾಳಕ್ಕೆ ವರ್ಷಕ್ಕೆ ಶೇಕಡಾ ೪½ರಂತೆ ೫೦ ವರ್ಷಗಳ ಖಾತರಿ ಕೊಟ್ಟಿತ್ತು. ಕೇಬಲ್ಲು ಕೆಲಸ ಮಾಡಿದರೆ ಮಾತ್ರ ಎಂಬ ಷರತ್ತನ್ನು ಮಾತ್ರ ಹಾಕಿರಲಿಲ್ಲ. ಸಮುದ್ರತಳದ ಏರುತಗ್ಗುಗಳ ಮೇಲೆ ಬಿಗಿಯಾಗಿ ಹಾಸಿದ್ದ ಆ ಕೇಬಲ್ಲು ತುಂಡುತುಂಡಾಗಿ ಕೆಟ್ಟುಹೋಯಿತು. ಸರಕಾರವು ಸತ್ತ ಕೇಬಲ್ಲಿಗೆ ವರ್ಷಕ್ಕೆ ೩೬,೦೦೦ ಪೌಂಡಿನಂತೆ ೧೯೦೮ರವರೆಗೂ ತೆತ್ತಿತು. ಖಾತರಿಪತ್ರದ ಒಂದು ವಾಕ್ಯಕ್ಕೆ ಇಷ್ಟು ದೀರ್ಘಾಯುಸ್ಸಿನ ಉದಾಹರಣೆ ನಮ್ಮ ವೃತ್ತಿಯಲ್ಲಿಯೂ ಅಪರೂಪ. ಅಟ್ಲಾಂಟಿಕ್ ಮತ್ತು ಕೆಂಪು ಸಮುದ್ರಗಳ ಈ ಎರಡು ಸೋಲುಗಳ ನಂತರವೇ ಕೇಬಲ್ಲಿನ ಅಳತೆ, ಪರೀಕ್ಷೆ, ತಪಾಸಣೆಗಳು ಶಾಸ್ತ್ರದ ರೂಪ ತಳೆದವು. ೧೮೭೦ರಲ್ಲಿ, ಬಿಸಿಲಿಗೆ ಹೆದರಿ ಬಿಳಿಯ ಬಣ್ಣ ಬಳಿಸಿಕೊಂಡಿದ್ದ 'ಗ್ರೇಟ್ ಈಸ್ಟರ್ನ್' ಹಡಗು ನಮ್ಮ ಮುಂಬಯಿಯಿಂದ ಏಡನ್ನಿಗೆ ಕೇಬಲ್ಲು ಹಾಸುತ್ತ ಹೊರಟಾಗ ಅದರ ಹಿಂದೆ ಈ ಎಲ್ಲ ನಷ್ಟಗಳ ಪಾಠವಿತ್ತು. ಆ ವರ್ಷದ ಜೂನ್ ತಿಂಗಳಲ್ಲಿ ಲಂಡನ್ನಿಗೂ ಭಾರತಕ್ಕೂ ಸಮುದ್ರಮಾರ್ಗದ ಸಂಪರ್ಕ ಪೂರ್ಣವಾಯಿತು.

ಥಾಮ್ಸನನ ಗಣಿತವೂ ಕೊನೆಯ ಮಾತಾಗಿರಲಿಲ್ಲ. ತಂತಿ ಕಚೇರಿಯ ಕೆಲಸವನ್ನು ೧೮೭೪ರಲ್ಲಿ ಬಿಟ್ಟು, ಮತ್ತೆ ಯಾವ ನೌಕರಿಯನ್ನೂ ಹಿಡಿಯದೆ, ಮನೆಯಲ್ಲಿಯೇ ಕುಳಿತು ಗಣಿತ ಕಲಿತ ಆಲಿವರ್ ಹೆವಿಸೈಡ್ ಎಂಬಾತನು, ತಂತಿಯಲ್ಲಿ ನಾಲ್ಕು ಗುಣಗಳು ಕೂಡಿ ಕೆಲಸಮಾಡುವುವೆಂದು ತೋರಿಸಿದನು: ತಂತಿಯ ರೋಧ, ಹೊದಿಕೆಯ ಸೋರಿಕೆ, ವಿದ್ಯುತ್ತನ್ನು ಕೂಡಿಡುವ ಗುಣ, ಬದಲಾವಣೆಯನ್ನು ತಡೆಯುವ ಕಾಂತೀಯ ಗುಣ. ಈ ನಾಲ್ಕೂ ಒಂದು ನಿಶ್ಚಿತ ಪ್ರಮಾಣದಲ್ಲಿದ್ದರೆ ಸಂಕೇತವು ಕುಗ್ಗಬಹುದು, ಆದರೆ ಅದರ ಆಕಾರ ಕೆಡುವುದಿಲ್ಲ. ಆದುದರಿಂದ ಎಲ್ಲರೂ ಶತ್ರುವೆಂದು ಬಗೆದಿದ್ದ ಕಾಂತೀಯ ಗುಣವನ್ನು ಕಡಿಮೆಮಾಡಬಾರದು, ಬೇಕೆಂದೇ ಹೆಚ್ಚಿಸಬೇಕು. ೧೮೮೭ರಲ್ಲಿ ಹೇಳಿದ ಈ ಮಾತು ಬ್ರಿಟಿಷ್ ಅಂಚೆ ಇಲಾಖೆಯ ಹಿರಿಯ ಎಂಜಿನಿಯರನಾಗಿದ್ದ ಪ್ರೀಸನ ಮತಕ್ಕೆ ತೀರ ವಿರುದ್ಧವಾಗಿತ್ತು. ಹೆವಿಸೈಡನ ಅಣ್ಣ ಆರ್ಥರನು ಅದೇ ಇಲಾಖೆಯಲ್ಲಿ ಪ್ರೀಸನ ಕೈಕೆಳಗಿದ್ದನು. ಸೋದರರಿಬ್ಬರೂ ಕೂಡಿ ಬರೆದ ಪ್ರಬಂಧವನ್ನು ಪ್ರೀಸನು ಪ್ರಕಟವಾಗಗೊಡಲಿಲ್ಲ. ಸುಮಾರು ಹನ್ನೆರಡು ವರ್ಷಗಳ ಬಳಿಕ ಅಮೆರಿಕದಲ್ಲಿ ಪ್ಯೂಪಿನ್ ಎಂಬ ಪ್ರಾಧ್ಯಾಪಕನು ತಂತಿಯುದ್ದಕ್ಕೂ ಗೊತ್ತಾದ ಅಂತರದಲ್ಲಿ ಸುರುಳಿಗಳನ್ನು ಜೋಡಿಸುವ ವಿಧಾನಕ್ಕೆ ಸ್ವಾಮ್ಯಪತ್ರ ಪಡೆದನು. ಅಲ್ಲಿನ ಟೆಲಿಫೋನ್ ಕಂಪನಿಯಿಂದ ಅವನಿಗೆ ಹಲವು ಲಕ್ಷ ಡಾಲರುಗಳು ದೊರೆತವು. ಮೂಲತತ್ತ್ವವನ್ನು ಕಂಡವನು ೧೯೨೫ರಲ್ಲಿ ಬಡತನದಲ್ಲಿಯೇ ತೀರಿಕೊಂಡನು. ಇಂದು ಗಣಕದ ಫಲಕವನ್ನು ವಿನ್ಯಾಸಗೊಳಿಸುವ ಎಂಜಿನಿಯರು ಬೆರಳುದ್ದದ ತಾಮ್ರದ ಗೆರೆಯನ್ನು ಎಳೆಯುವಾಗಲೂ ಹೆವಿಸೈಡನ ಸಮೀಕರಣಗಳನ್ನೇ ಬಿಡಿಸುತ್ತಾನೆ.

ಇನ್ನು ಕಾಲದ ಪ್ರಶ್ನೆ. ಸರಣಿ ಪದ್ಧತಿಯಲ್ಲಿ ಒಂದು ಸಂಕೇತ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುವುದೆಂದು ಕೇಳುವವನಿಗೆ ತಿಳಿಯಬೇಕಾದರೆ ಎರಡು ತುದಿಗಳ ಗಡಿಯಾರಗಳೂ ಒಂದೇ ಲಯದಲ್ಲಿರಬೇಕು. ಮೋರ್ಸ್ ಪದ್ಧತಿಯಲ್ಲಿ ಈ ಹೊಣೆಯನ್ನು ಮನುಷ್ಯನ ಕಿವಿ ಹೊತ್ತಿತ್ತು. ೧೮೭೪ರಲ್ಲಿ ಸ್ವಾಮ್ಯಪತ್ರ ಪಡೆದ ಫ್ರಾನ್ಸಿನ ಎಮಿಲ್ ಬೋದೊ ಅದನ್ನು ಯಂತ್ರಕ್ಕೆ ವಹಿಸಿದನು. ರೈತನ ಮಗನಾದ ಈ ತಂತಿ ಗುಮಾಸ್ತನು ಪ್ರತಿ ಅಕ್ಷರಕ್ಕೂ ಸಮಾನವಾದ ಐದು ಘಟಕಗಳನ್ನು ಗೊತ್ತುಮಾಡಿ, ಎರಡೂ ತುದಿಗಳಲ್ಲಿ ಸಮವೇಗದಿಂದ ತಿರುಗುವ ಕೈಗಳನ್ನು ನಿಲ್ಲಿಸಿದನು. ಆ ಕೈ ಒಬ್ಬೊಬ್ಬ ಗುಮಾಸ್ತನಿಗೆ ಸರದಿಯಂತೆ ತಂತಿಯನ್ನು ಒಪ್ಪಿಸುತ್ತಿತ್ತು. ಹೀಗೆ ಒಂದೇ ತಂತಿಯ ಮೇಲೆ ನಾಲ್ವರು ಏಕಕಾಲಕ್ಕೆ ಕೆಲಸ ಮಾಡಬಹುದಾಗಿತ್ತು. ಯಂತ್ರದ ಟಕಟಕ ಶಬ್ದದ ತಾಳ ತಪ್ಪದಂತೆ ಐದು ಕೀಲಿಗಳನ್ನು ಒತ್ತಬೇಕು. ತಾಳ ತಪ್ಪಿದವನ ಅಕ್ಷರ ಹೋಯಿತು. ಸಂಕೇತವೇಗದ ಮಾನಕ್ಕೆ ಇಂದಿಗೂ 'ಬಾಡ್' ಎಂದು ಇವನದೇ ಹೆಸರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದ ಟೆಲಿಪ್ರಿಂಟರು ಈ ತಾಳದ ಕಟ್ಟನ್ನು ಸಡಿಲಿಸಿತು. ಪ್ರತಿ ಅಕ್ಷರದ ಮುಂದೆ 'ಎದ್ದೇಳು' ಎಂಬಂಥ ಒಂದು ತುಡಿತ, ಕೊನೆಯಲ್ಲಿ 'ವಿರಮಿಸು' ಎಂಬಂಥ ಇನ್ನೊಂದು. ೧೯೬೦ರಲ್ಲಿ ಅಮೆರಿಕದಲ್ಲಿ ನಿಶ್ಚಿತವಾದ ಆರ್‌ಎಸ್-೨೩೨ ಎಂಬ ಪ್ರಮಾಣದ ಮೂಲಕ ಇದೇ ಪದ್ಧತಿ ಗಣಕಗಳಿಗೂ ಬಂದಿತು. ನಮ್ಮ ಬ್ಯಾಂಕುಗಳ ಹಳೆಯ ಟರ್ಮಿನಲ್ಲುಗಳೂ ಮೋಡೆಮ್‌ಗಳೂ ಮಾತನಾಡುತ್ತಿದ್ದುದು ಹೀಗೆಯೇ.

ಆದರೆ ಗಣಕದ ಪೆಟ್ಟಿಗೆಯ ಒಳಗೆ ದೂರವೆಂಬುದು ಇರಲಿಲ್ಲ. ತಾಮ್ರದ ಖರ್ಚಿನ ಚಿಂತೆಯೂ ಇರಲಿಲ್ಲ. ಆದುದರಿಂದ ಸೊಮೆರಿಂಗನ ಕನಸು ಅಲ್ಲಿ ಪುನರ್ಜನ್ಮ ಪಡೆಯಿತು. ೧೯೭೦ರ ಪಿಡಿಪಿ-೧೧ ಗಣಕದ ಯೂನಿಬಸ್ಸಿನಲ್ಲಿ ೫೬ ಸಂಕೇತದ ಗೆರೆಗಳು. ೧೯೭೫ರ ಆಲ್ಟೇರ್ ಗಣಕದ ಬಸ್ಸಿನಲ್ಲಿ ೧೦೦. ೧೯೯೨ರ ಪಿಸಿಐ ಬಸ್ಸು ೩೨ ಬಿಟ್‌ಗಳನ್ನು ಅಕ್ಕಪಕ್ಕದಲ್ಲಿ, ಸೆಕೆಂಡಿಗೆ ೩ ಕೋಟಿ ೩೦ ಲಕ್ಷ ಸಾರಿ ಸಾಗಿಸುತ್ತಿತ್ತು. ಇಲ್ಲಿಯವರೆಗೆ ಎಲ್ಲವೂ ಸುಸೂತ್ರ. ವೇಗ ಹೆಚ್ಚಿದಂತೆ ತೊಡಕು ತಲೆಯೆತ್ತಿತು. ಫಲಕದ ಮೇಲೆ ಸಂಕೇತವು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ ಸುಮಾರು ೧೫ ಸೆಂಟಿಮೀಟರು ಓಡುತ್ತದೆ. ಪಿಸಿಐ ಬಸ್ಸಿನಲ್ಲಿ ಒಂದು ಬಿಟ್ಟಿನ ಅವಧಿಗೆ ಈ ಲೆಕ್ಕದಂತೆ ಸುಮಾರು ೪½ ಮೀಟರು ಉದ್ದವಿತ್ತು. ಗೆರೆಗಳ ಉದ್ದದಲ್ಲಿ ಒಂದೆರಡು ಅಂಗುಲ ವ್ಯತ್ಯಾಸವಾದರೆ ನಷ್ಟವಿಲ್ಲ. ಸೆಕೆಂಡಿಗೆ ೨೫೦ ಕೋಟಿ ಬಿಟ್‌ಗಳಾದರೆ ಒಂದು ಬಿಟ್ಟಿನ ಉದ್ದ ೬ ಸೆಂಟಿಮೀಟರು ಮಾತ್ರ. ಮೂವತ್ತೆರಡು ಗೆರೆಗಳ ಮೇಲೆ ಒಟ್ಟಿಗೆ ಹೊರಟವರು ಒಟ್ಟಿಗೆ ಬರುವುದು ಆಗ ದುಸ್ಸಾಧ್ಯ. ಅದಲ್ಲದೆ, ಒಂದೇ ಬಸ್ಸಿಗೆ ಹಲವು ಉಪಕರಣಗಳನ್ನು ಕೂಡಿಸಿದಾಗ ಪ್ರತಿಯೊಂದು ಕೂಡುತಾಣದಿಂದಲೂ ಸಂಕೇತದ ಪ್ರತಿಧ್ವನಿ ಏಳುತ್ತದೆ. ಪಕ್ಕದ ಗೆರೆಯ ಪಿಸುಮಾತು ತನ್ನದೆಂಬ ಭ್ರಮೆಯಾಗುತ್ತದೆ. ನನ್ನ ಶಾಖೆಯ ಉದ್ದನೆಯ ಕೇಬಲ್ಲಿನಲ್ಲಿ ಅಂಕಿಗಳು ಕೆಟ್ಟದ್ದು ಇದೇ ಜಾತಿಯ ರೋಗದಿಂದ.

ಹೀಗಾಗಿ ಸುಮಾರು ೧೬೦ ವರ್ಷಗಳ ಹಿಂದೆ ರೈಲುದಾರಿಯಲ್ಲಿ ನಡೆದ ತೀರ್ಮಾನವು ಗಣಕದ ಒಳಗೆ ಮರುಕಳಿಸಿತು. ೧೯೯೬ರಲ್ಲಿ ಹೊರಗಿನ ಉಪಕರಣಗಳಿಗಾಗಿ ಯುಎಸ್‌ಬಿ ಬಂದಿತು. ಅದರ ರಚನಾಕಾರರಲ್ಲಿ ಪ್ರಮುಖನಾದ ಅಜಯ ಭಟ್ಟ ಬಡೋದೆಯಲ್ಲಿ ಓದಿದವರು. ೨೦೦೩ರಲ್ಲಿ ಪಿಸಿಐ ಎಕ್ಸ್‌ಪ್ರೆಸ್, ಅದೇ ವರ್ಷ ಡಿಸ್ಕುಗಳಿಗಾಗಿ ಸಾಟಾ. ಪಿಸಿಐ ಎಕ್ಸ್‌ಪ್ರೆಸ್ಸಿನಲ್ಲಿ 'ಎಲ್ಲರಿಗಾಗಿ' ಎಂಬ ಸಾಮಾನ್ಯ ಹಾದಿಯೇ ಇಲ್ಲ. ಒಬ್ಬನಿಂದ ಒಬ್ಬನಿಗೆ ಖಾಸಗಿ ಹಾದಿ, ನಡುವೆ ಬೇಕಾದರೆ ಸ್ವಿಚ್ಚು. ಬಸ್ಸೆಂಬ ಹೆಸರು ರೂಢಿಯಿಂದ ಉಳಿಯಿತು, ಅರ್ಥ ಹೋಯಿತು.

ಈ ವಿನ್ಯಾಸದ ಒಳಗನ್ನು ಓದಿದಾಗ ನನಗಾದ ಆಶ್ಚರ್ಯವೇನೆಂದರೆ, ಅದು ಲೆಕ್ಕಪತ್ರದ ಶಾಸ್ತ್ರಕ್ಕೆ ಬಹಳ ಹತ್ತಿರವಾಗಿದೆ. ಪ್ರತಿ ಸಂಕೇತಕ್ಕೂ ಎರಡು ತಂತಿಗಳು. ಒಂದರಲ್ಲಿ ಏರಿದರೆ ಇನ್ನೊಂದರಲ್ಲಿ ಇಳಿತ. ಕೇಳುವವನು ಎರಡರ ಅಂತರವನ್ನಷ್ಟೇ ಎಣಿಸುತ್ತಾನೆ. ಹೊರಗಿನ ಗದ್ದಲವು ಎರಡಕ್ಕೂ ಸಮನಾಗಿ ತಾಗುವುದರಿಂದ ಅಂತರದಲ್ಲಿ ಅದು ಕಳೆದುಹೋಗುತ್ತದೆ. ಜಮಾ-ಖರ್ಚಿನ ಜೋಡಿ ನಮೂದಿನ ತತ್ತ್ವವೂ ಇದರಿಂದ ದೂರವಿಲ್ಲ. ಇನ್ನು ಗಡಿಯಾರಕ್ಕೆ ಬೇರೆ ತಂತಿಯಿಲ್ಲ. ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಆಗುವ ಬದಲಾವಣೆಗಳಿಂದಲೇ ಕೇಳುವವನು ಲಯವನ್ನು ಹಿಡಿಯಬೇಕು. ಉದ್ದಕ್ಕೂ ಸೊನ್ನೆಗಳೇ ಬಂದರೆ ಲಯ ತಪ್ಪುತ್ತದೆ. ಐಬಿಎಂ ಸಂಸ್ಥೆಯ ವಿಡ್ಮರ್ ಮತ್ತು ಫ್ರಾನಸ್ಜೆಕ್ ೧೯೮೩ರಲ್ಲಿ ಪ್ರಕಟಿಸಿದ ಸಂಕೇತಮಾಲೆ ಇದಕ್ಕೆ ಪರಿಹಾರವಾಯಿತು. ಎಂಟು ಬಿಟ್‌ಗಳಿಗೆ ಬದಲಾಗಿ ಹತ್ತು ಬಿಟ್‌ಗಳನ್ನು ಕಳುಹಿಸುವುದು. ಒಂದೇ ಬಗೆಯ ಬಿಟ್ಟು ಐದಕ್ಕಿಂತ ಹೆಚ್ಚು ಸಾರಿ ಒಟ್ಟೊಟ್ಟಿಗೆ ಬಾರದಂತೆ ನೋಡಿಕೊಳ್ಳುವುದು. ಒಂದು ಮತ್ತು ಸೊನ್ನೆಗಳ ಸಂಖ್ಯೆಯಲ್ಲಿ ವ್ಯತ್ಯಾಸವಾದರೆ ಮುಂದಿನ ಗುಂಪಿನಲ್ಲಿ ಅದನ್ನು ಸರಿದೂಗಿಸುವುದು. ದಿನದ ಕೊನೆಗೆ ಪುಸ್ತಕ ತಾಳೆಯಾಗದೆ ಮನೆಗೆ ಹೋಗಬಾರದೆಂಬ ನಮ್ಮ ಹಿರಿಯರ ಶಿಸ್ತನ್ನು ಇದು ನೆನಪಿಸುತ್ತದೆ. ಇದಕ್ಕಾಗಿ ತಂತಿಯ ವೇಗದಲ್ಲಿ ಐದರಲ್ಲೊಂದು ಪಾಲನ್ನು ತೆರಬೇಕು. ೨೦೧೦ರ ಮೂರನೆಯ ಆವೃತ್ತಿಯಲ್ಲಿ ೧೨೮ ಬಿಟ್‌ಗಳಿಗೆ ೨ ಬಿಟ್‌ಗಳ ತೆರಿಗೆ ಮಾತ್ರ ಉಳಿಯಿತು.

ಕಳುಹಿಸಿದ ಪ್ರತಿ ಕಟ್ಟಿಗೂ ಕ್ರಮಸಂಖ್ಯೆ ಮತ್ತು ತಾಳೆಯಂಕಿ ಇರುತ್ತವೆ. ತಲುಪಿದ ಬಗ್ಗೆ ಸ್ವೀಕೃತಿ ಬರುವವರೆಗೆ ಕಳುಹಿಸಿದವನು ಪ್ರತಿಯನ್ನು ಇಟ್ಟುಕೊಂಡಿರಬೇಕು. ಕೆಟ್ಟಿತೆಂದು ತಿಳಿದರೆ ಮತ್ತೆ ಕಳುಹಿಸಬೇಕು. ತಂತಿಯ ಮೂಲಕ ಹಣ ಕಳುಹಿಸುತ್ತಿದ್ದ ಕಾಲದಲ್ಲಿ ಟಿ.ಟಿ.ಯ ಜತೆಗೆ ಗುಪ್ತ ತಾಳೆಯಂಕಿಯನ್ನು ಕಟ್ಟುತ್ತಿದ್ದ ಹಿರಿಯ ಸಹೋದ್ಯೋಗಿಗಳಿಗೆ ಇದನ್ನು ವಿವರಿಸಿದಾಗ ಅವರು, "ಇದರಲ್ಲಿ ಹೊಸತೇನು?" ಎಂದು ಕೇಳಿದರು. ಅವರ ತಾಳೆಯಂಕಿ ಮೋಸವನ್ನು ತಡೆಯಲು, ಇದು ಆಕಸ್ಮಿಕ ದೋಷವನ್ನು ಹಿಡಿಯಲು. ಅಷ್ಟು ಭೇದವನ್ನು ಒಪ್ಪಿಕೊಂಡೇ ಅವರ ಮಾತನ್ನು ನಾನು ಮಾನ್ಯ ಮಾಡುತ್ತೇನೆ. ಇನ್ನೊಂದು ಏರ್ಪಾಡಿಗಂತೂ 'ಕ್ರೆಡಿಟ್' ಎಂದೇ ಹೆಸರು. ತನ್ನಲ್ಲಿ ಎಷ್ಟು ಜಾಗವಿದೆಯೆಂದು ಪಡೆಯುವವನು ಮೊದಲೇ ಸಾರುತ್ತಾನೆ. ಆ ಮಿತಿಯೊಳಗೆ ಮಾತ್ರ ಕಳುಹಿಸಬಹುದು. ಹಳೆಯ ಸರಕು ಖಾಲಿಯಾದಂತೆ ಮಿತಿ ಮತ್ತೆ ತೆರೆಯುತ್ತದೆ. ಕ್ಯಾಷ್ ಕ್ರೆಡಿಟ್ ಖಾತೆಯನ್ನು ನಡೆಸಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆದರೆ ಇಲ್ಲಿ ಮಿತಿ ಮೀರಿದ ಚೆಕ್ಕನ್ನು ಮ್ಯಾನೇಜರರ ದಾಕ್ಷಿಣ್ಯದಿಂದ ಪಾಸು ಮಾಡಿಸುವ ಅವಕಾಶವಿಲ್ಲ.

ವೈಟ್‌ಹೌಸ್ ಮತ್ತು ಥಾಮ್ಸನರ ವ್ಯಾಜ್ಯವೂ ಇಲ್ಲಿ ಮತ್ತೆ ಕಾಣಿಸಿಕೊಂಡು ಥಾಮ್ಸನನ ಪರವಾಗಿಯೇ ತೀರಿದೆ. ಕಳುಹಿಸುವ ತುದಿಯಲ್ಲಿ ಪ್ರತಿ ತುಡಿತದ ಹಿಂದಿನ ಬಾಲವನ್ನು ವಿರುದ್ಧ ತುಡಿತದಿಂದ ಕತ್ತರಿಸುತ್ತಾರೆ. ಪಡೆಯುವ ತುದಿಯಲ್ಲಿ ಈಗಾಗಲೇ ಓದಿದ ಬಿಟ್‌ಗಳ ನೆರಳನ್ನು ಲೆಕ್ಕಹಾಕಿ ಕಳೆಯುತ್ತಾರೆ. ತಂತಿಯ ಗುಣವನ್ನು ಅಳೆದು ತಾನೇ ಹೊಂದಿಕೊಳ್ಳುವ ಇಂಥ ಸಾಧನವನ್ನು ಬೆಲ್ ಪ್ರಯೋಗಾಲಯದ ಲಕಿ ಎಂಬಾತನು ೧೯೬೫ರಲ್ಲಿ ಟೆಲಿಫೋನು ತಂತಿಗಾಗಿ ರಚಿಸಿದ್ದನು.

ಹಾಗಾದರೆ ಸಮಾಂತರ ಪದ್ಧತಿ ಸತ್ತಿತೆ? ಇಲ್ಲ. ಚಿತ್ರಗಳ ಕಾರ್ಡಿಗೆ ಪಿಸಿಐ ಎಕ್ಸ್‌ಪ್ರೆಸ್ಸಿನ ೧೬ ಹಾದಿಗಳನ್ನು ಅಕ್ಕಪಕ್ಕದಲ್ಲಿ ಕಟ್ಟುತ್ತಾರೆ. ಆದರೆ ಪ್ರತಿ ಹಾದಿಯೂ ತನ್ನ ಲಯವನ್ನು ತಾನೇ ಹಿಡಿಯುತ್ತದೆ. ಮೊದಲು ಬಂದವರು ಅಂಗಳದಲ್ಲಿ ಕಾದಿದ್ದು, ಕೊನೆಯವನು ಬಂದ ಮೇಲೆ ಸಾಲಾಗಿ ಒಳಗೆ ಹೋಗುತ್ತಾರೆ. ಗಣಕದ ಸ್ಮೃತಿಯ ಫಲಕವಂತೂ ಇಂದಿಗೂ ೬೪ ದತ್ತಾಂಶದ ಗೆರೆಗಳನ್ನು ಬಿಟ್ಟುಕೊಟ್ಟಿಲ್ಲ. ಅದಕ್ಕೂ ಸರಣಿ ಪದ್ಧತಿಯನ್ನು ತೊಡಿಸುವ ಯತ್ನ ೨೦೦೬ರ ಸುಮಾರಿಗೆ ನಡೆದು, ವಿಳಂಬ ಮತ್ತು ಬಿಸಿಯ ಕಾರಣದಿಂದ ಕೈಬಿಟ್ಟುಹೋಯಿತು. ೨೦೧೩ರಲ್ಲಿ ನಿಶ್ಚಿತವಾದ ಎಚ್‌ಬಿಎಂ ಎಂಬ ಸ್ಮೃತಿಯಲ್ಲಿ ಒಂದು ರಾಶಿಗೆ ೧,೦೨೪ ದತ್ತಾಂಶದ ಗೆರೆಗಳು. ಕೆಲವೇ ಮಿಲಿಮೀಟರುಗಳ ದೂರ, ಆದುದರಿಂದ ಸಾವಿರ ತಂತಿಗಳೂ ಜತೆಗೂಡಿ ನಡೆಯಬಲ್ಲವು. ಮೆಕ್ಯಾನಿಕನು ಹೇಳಿದ್ದೂ ಉದ್ದದ ಮಾತೇ.

ನಮ್ಮ ದೇಶದಲ್ಲಿ ತಂತಿ ಸೇವೆಯನ್ನು ೨೦೧೩ರ ಜುಲೈಯಲ್ಲಿ ನಿಲ್ಲಿಸಿದರು. ೨೦೨೨ರಲ್ಲಿ ಪ್ರಕಟವಾದ ಪಿಸಿಐ ಎಕ್ಸ್‌ಪ್ರೆಸ್ಸಿನ ಆರನೆಯ ಆವೃತ್ತಿಯಲ್ಲಿ ಒಂದು ತುಡಿತದ ಉದ್ದ ಅರ್ಧ ಸೆಂಟಿಮೀಟರಿಗಿಂತ ಕಡಿಮೆ. ಅಲ್ಲಿ ಎರಡು ಮಟ್ಟಗಳ ಬದಲು ನಾಲ್ಕು ಮಟ್ಟಗಳ ಸಂಕೇತವಿದೆ. ಮಟ್ಟಗಳು ಹತ್ತಿರವಾದುದರಿಂದ ತಪ್ಪುಗಳು ಬಂದೇ ಬರುವುವೆಂದು ಒಪ್ಪಿಕೊಂಡು, ಅವುಗಳನ್ನು ಸ್ಥಳದಲ್ಲಿಯೇ ತಿದ್ದುವ ಹೆಚ್ಚಿನ ಬಿಟ್‌ಗಳನ್ನು ಪ್ರತಿ ಕಟ್ಟಿನ ಜತೆಗೇ ಕಳುಹಿಸುತ್ತಾರೆ.